ಅಜ್ಜಿ ಹೇಳದ ಹೆಸರು

"ಥೂ, ತೆಗಿ ಅಜ್ಜಿ ಆ ಮೀಸೆ! ಯಾರಾದ್ರೂ ನೋಡಿದ್ರೆ?"

ಸರ್ವಮಂಗಳ ದಬಕ್ಕನೆ ಬಾಗಿಲು ಮುಚ್ಚಿದಳು. ಅಜ್ಜಿ ಮರುಳಸಿದ್ದಮ್ಮ ಕನ್ನಡಿ ಮುಂದೆ ನಿಂತು, ಅಂಟಿಸಿಕೊಂಡ ಮೀಸೆ ತಿರುವುತ್ತಿದ್ದರು.

"ನೋಡ್ಲಿ ಬಿಡು. ನಾಟಕದಾಗೆ ಸಾಹುಕಾರ ಅಂದ್ಮೇಲೆ ಮೀಸೆ ಬ್ಯಾಡೇನು?"

ಹೋದ ವರ್ಷದ ತನಕ ಈ ಅಜ್ಜಿ ಮೂಲೆ ಬಿಟ್ಟು ಎದ್ದವರಲ್ಲ. ಮಂಡಿ ನೋವು, ನಿದ್ದೆ ಇಲ್ಲ, ಸಾವು ಬರಲೊಲ್ಲದು ಎಂದು ದಿನವೂ ಅದೇ ಪುರಾಣ. ಕಮಲಕ್ಕ ಎಂಬ ಟೀಚರು ದಾವಣಗೆರೆಗೆ ಬಂದು, ಮಹಿಳಾ ಸಮಾಜದಲ್ಲಿ ಮುದುಕಿಯರಿಗೆ ಹಾಡು, ನಾಟಕ ಕಲಿಸತೊಡಗಿದರು. ಆಮೇಲೆ ಮಂಡಿ ನೋವು ಎಲ್ಲಿ ಹೋಯಿತೋ! ಮಧ್ಯಾಹ್ನ ಗಿರಣಿ ಕೂಗಿದರೆ ಸಾಕು, ಅಜ್ಜಿ ಹೊರಟೇ ಬಿಡುತ್ತಿದ್ದರು.

ಓಣಿಯವರು ಬಿಡುತ್ತಾರೆಯೇ? "ಹಲ್ಲು ಬಿದ್ದ ಮ್ಯಾಲೆ ಕಡ್ಲೆ ತಿನ್ನೋ ಆಸೆ!" ಎಂದು ಕಟ್ಟೆ ಮೇಲಿನ ಗಂಡಸರು ಕಿಸಕ್ಕೆಂದರು. ತಾವೋ, ಬೆಳಗಿನಿಂದ ಬೈಗಿನವರೆಗೆ ಅಲ್ಲೇ ಕೂತು ನೊಣ ಹೊಡೆಯುವ ಮಹಾಶಯರು!

ಕ್ಲಾಸಿನಲ್ಲಿ ಪಾಲಯ್ಯ, "ನಿಮ್ಮಜ್ಜಿ ಶೇವಿಂಗ್ ಯಾವಾಗ ಮಾಡ್ಸ್ಕಂತಾರೆ?" ಎಂದ. ಎಲ್ಲರೂ ಬೆಂಚು ಬಡಿದು ನಕ್ಕರು.

ಅಂದು ಸಂಜೆ ಕಮಲಕ್ಕ ಮನೆಗೆ ಬಂದು ಸರ್ವಮಂಗಳಳನ್ನು ಕರೆದರು. "ನಾಟಕದಾಗೆ ಸಾಹುಕಾರಗೆ ಇಬ್ಬರು ಆಳು. ಒಬ್ಬನಿಗೆ ಓಬ ಅಂತ ಇಟ್ಟೀನಿ. ಇನ್ನೊಬ್ಬನಿಗೆ ನೀನೊಂದು ಹೆಸರು ಹೇಳೇ, ಜಾಣಿ."

"ಮುರುಗೇಶಪ್ಪ ಅಂತ ಇಡ್ರಿ ಟೀಚರ್."

ಅದು ತೀರಿಹೋದ ಅಜ್ಜನ ಹೆಸರು. ಅಜ್ಜಿ ಒಂದು ದಿನವೂ ಗಂಡನ ಹೆಸರು ಹಿಡಿದು ಮಾತಾಡಿದವರಲ್ಲ. ಇನ್ನು ಅದೇ ಹೆಸರು ಕೂಗಿ ಆಳನ್ನು ಕರೆಯುವುದುಂಟೇ? ನಾಟಕ ಬಿಟ್ಟು ತಾವಾಗಿಯೇ ಮೂಲೆ ಸೇರುತ್ತಾರೆ ಎಂದುಕೊಂಡಳು ಸರ್ವಮಂಗಳ.

ಅಜ್ಜಿ ನಾಟಕ ಬಿಡಲಿಲ್ಲ. ಪ್ರಾಕ್ಟೀಸಿನಲ್ಲಿ "ಲೋ ಇವನೇ" ಎಂದು ದಾಟಿಸಿದರು.

"ನೀವೀಗ ಸಾಹುಕಾರ್ರು, ಅಮ್ಮಾರೆ. ಗಂಡ ಎಲ್ಲಿಂದ ಬಂದ?" ಎಂದರು ಕಮಲಕ್ಕ. "ಹರಿಹರದಾಗೆ ನಾಟಕ ಆಡೋವಾಗ ಹೆಸರು ಹಿಡಿದೇ ಕರೀಬೇಕು. ಇಲ್ಲಾಂದ್ರೆ ಯಾವ ಆಳು ಬರಬೇಕು?"

ಹರಿಹರದಲ್ಲಿ ಶಾಲೆಯ ಅಂಗಳ ತುಂಬಿತ್ತು; ಜೊತೆಗೆ ಬಂದಿದ್ದ ಸರ್ವಮಂಗಳ ಮುಂದಿನ ಸಾಲಿನಲ್ಲಿ ಕೂತಿದ್ದಳು. ಸಾಹುಕಾರ ಬಂದರು, ಕೈ ಎತ್ತಿದರು. "ಲೋ..."

ಅಷ್ಟೇ. ಬಾಯಿ ಕಟ್ಟಿತು. ಆಳಿನ ವೇಷದ ಉಡಚಮ್ಮ ಪರದೆ ಹಿಂದೆ ಕಾದೇ ಕಾದಳು.

"ಮನಿಗೋಗಿ ಜ್ವಾಳ ಬೀಸ್ರಿ, ಸಾಹುಕಾರ್ರೆ!" ಯಾವನೋ ಸಿಳ್ಳೆ ಹಾಕಿದ.

ಸರ್ವಮಂಗಳ ಬಯಸಿದ್ದು ಇದನ್ನೇ. ಆದರೆ ಅಜ್ಜಿ ಎತ್ತಿದ ಕೈ ಹಾಗೇ ನಿಂತದ್ದು ಕಂಡು ನಗು ಬರಲಿಲ್ಲ.

ಅಜ್ಜಿ ಕೈ ಇಳಿಸಿದರು. ಹೊಸ ಮದುಮಗಳನ್ನು ಬಾಗಿಲಲ್ಲಿ ತಡೆದು ಗಂಡನ ಹೆಸರು ಕೇಳಿದರೆ ಅವಳು ಒಡಪು ಕಟ್ಟಿ ಹೇಳುತ್ತಾಳಲ್ಲ, ಹಾಗೆಯೇ ತಲೆ ತಗ್ಗಿಸಿ ರಾಗ ಎಳೆದರು:

"ಹರಿಹರದ ಹೊಳೆ ನೀರು ಎಂದೆಂದೂ ತಂಪು,
ಮುರುಗೇಶಪ್ಪ ಮುಡಿಸಿದ ಮಲ್ಲಿಗೆ ಇನ್ನೂ ಕಂಪು!"

ಮೀಸೆ ಹೊತ್ತ ಸಾಹುಕಾರ ನಾಚಿದ್ದು ಕಂಡು ಹೆಂಗಸರೆಲ್ಲ ಹೋ ಎಂದು ನಕ್ಕು ಚಪ್ಪಾಳೆ ತಟ್ಟಿದರು. ಸಿಳ್ಳೆ ಹಾಕಿದ ಶೂರ ಯಾರ ಬೆನ್ನ ಹಿಂದೆ ಅಡಗಿದನೋ!

ಅಜ್ಜಿ ತಲೆ ಎತ್ತಿ ಗಟ್ಟಿಯಾಗಿ ಕೂಗಿದರು. "ಲೋ ಮುರುಗೇಶಪ್ಪಾ! ಎಲ್ಲಿಗೆ ಹೋಗಿದ್ದೆಯೋ ಇಷ್ಟು ದಿನ?"

ಅದು ನಾಟಕದ ಮಾತೇ. ಆದರೂ ಅಜ್ಜಿಯ ಕಣ್ಣು ತುಂಬಿ ಬಂತು.

ವಾಪಸ್ಸು ಬರುವಾಗ ಬಸ್ಸಿನಲ್ಲಿ ಅಜ್ಜಿ ಹಿಂದಿನ ಸೀಟಿಗೆ ತಿರುಗಿದರು. "ಕಮಲಕ್ಕ, ಮುಂದಿನ ನಾಟಕಕ್ಕೂ ಹೆಸರು ಇವಳನ್ನೇ ಕೇಳ್ರಿ."

ಸರ್ವಮಂಗಳಳ ಕಿವಿ ಬಿಸಿಯಾಯಿತು. ಅಜ್ಜಿ ಕಿಟಕಿಯತ್ತ ಮುಖ ಮಾಡಿ ಏನೋ ಗುನುಗುತ್ತಿದ್ದರು. ಹಾಡಲ್ಲ. ಅದೇ ಹೆಸರು, ಮೆಲ್ಲಗೆ, ಮತ್ತೆ ಮತ್ತೆ.

ಅವಳು ಹತ್ತಿರ ಸರಿದು ಕೂತಳು.

"ಅಜ್ಜಿ, ಅಜ್ಜ ಹೆಂಗಿದ್ರು?"

ಇಷ್ಟು ವರ್ಷದಲ್ಲಿ ಮನೆಯಲ್ಲಿ ಯಾರೂ ಅಜ್ಜಿಯನ್ನು ಹಾಗೆ ಕೇಳಿರಲಿಲ್ಲ.