ಬೋರಲು ಹಾಕಿದ ಕಂಚಿನ ಗಂಗಳ

ಧನುರ್ಮಾಸದ ಚಳಿ, ಅವರೆಕಾಯಿಗೆ ಸೊಗಡು ಏರಿದ್ದ ಕಾಲ. ಎರಡನೇ ಮಹಾಯುದ್ಧಕ್ಕೆ ಇನ್ನೂ ನಾಲ್ಕೈದು ವರ್ಷವಿತ್ತು. ಒಂದು ಭಾನುವಾರ ಬೆಳಗ್ಗೆ ಎಂಟರ ಹೊತ್ತಿಗೆ, ಕೋಲಾರದ ಚಿನ್ನದ ಗಣಿಗಳ ಬದಿಯ ರಾಬರ್ಟ್‌ಸನ್‌ಪೇಟೆಯ ಸಂತೆಯಲ್ಲಿ, ಹಳೇ ಸಾಮಾನು ಮಾರುವ ಪೆದ್ದಮ್ಮ ಶ್ರೀನಿವಾಸಪ್ಪನ ಮುಂಗೈ ಹಿಡಿದುಕೊಂಡಳು.

“ತಟ್ಬೇಡ ಸಾಮಿ. ಈ ಸಾಲ್ನಾಗೆ ಯಾರೂ ಕಂಚು ತಟ್ಟಿ ನೋಡಲ್ಲ. ಅದ್ರಾಗೂ ಆ ಬೋರಲಾಕಿರೋ ಗಂಗಳದ ತಂಟೆಗೆ ಓಗ್ಬೇಡ.”

ಶ್ರೀನಿವಾಸಪ್ಪ ನಕ್ಕ. “ತಟ್ಟದೆ ಕಂಚು ತಗೊಳ್ಳೋದು, ಮುಖ ನೋಡದೆ ಹೆಣ್ಣು ತಂದಂಗೆ ಅಜ್ಜಿ.”

ಅವನು ಬೆಂಗಳೂರಿನ ದಂಡು ಪ್ರದೇಶದವನು. ಅಲ್ಲಿ ದೊರೆಗಳ ಬಂಗಲೆಗಳಿಗೆ ಹಳೇ ದೀಪ, ಬೊಂಬೆ, ಪಟಗಳನ್ನು ಒದಗಿಸುವ ಅಂಗಡಿಯಲ್ಲಿ ಕೆಲಸ. ಒಳ್ಳೆಯ ಸಂತೆಗಳನ್ನು ಹುಡುಕಿಕೊಂಡು ಊರೂರು ತಿರುಗುವುದೇ ಅವನ ಪಾಡು. ಮುಳಬಾಗಿಲು, ಚಿಂತಾಮಣಿ ಎಲ್ಲ ನೋಡಿದ್ದ, ಇಂಥದ್ದು ಕಂಡಿರಲಿಲ್ಲ. ಒಂದೇ ಮಾಳದಲ್ಲಿ ಗಡಿಯಾಚೆಯ ತೊಗಲುಬೊಂಬೆ, ತಮಿಳರ ಗಾಜಿನ ಪಟ, ಕುರುಬರ ಕಂಬಳಿ, ಬಂಗಲೆಗಳಿಂದ ಬಂದ, ಕೆಟ್ಟು ನಿಂತ ಗಡಿಯಾರ. ನಡುನಡುವೆ ವಡೆ ಬೇಯುವ ಎಣ್ಣೆಯ ವಾಸನೆ, ಅವರೆಕಾಳಿನ ಸಾರಿನ ಹಬೆ. ಗರ್ಭಿಣಿ ಹೆಂಡತಿ ಮುನಿರತ್ನಮ್ಮ ಬಂಗಾರಪೇಟೆಯ ತವರಿನಲ್ಲಿದ್ದುದರಿಂದ ಅವನು ಈ ಕಡೆಯ ತಿರುಗಾಟವನ್ನೇ ಕೇಳಿ ಪಡೆದಿದ್ದ. ಮೊದಲಿನ ಎರಡು ಬಸಿರು ನಿಂತಿರಲಿಲ್ಲ. ಇದಕ್ಕೆ ಎಂಟು ತುಂಬಿತ್ತು. ಆ ಮಗುವೊಂದು ಕೈಗೆ ಬಂದರೆ ಸಾಕು ಎಂದು ಗಂಡ ಹೆಂಡಿರಿಬ್ಬರೂ ಕಾಯುತ್ತಿದ್ದರು.

ಗಂಗಳದ ಕತೆಯನ್ನು ಪೆದ್ದಮ್ಮ ಸಣ್ಣ ದನಿಯಲ್ಲಿ ಹೇಳಿದಳು. ಹನ್ನೆರಡು ವರ್ಷದ ಹಿಂದೆ, ಯಾವುದೋ ಗಣಿಯ ಆಳದಲ್ಲಿ ಬಂಡೆ ಸಿಡಿದು ದಾರಿ ಮುಚ್ಚಿತಂತೆ. ಆಚೆ ಬದಿಯಲ್ಲಿ ಆಂಜಿನಪ್ಪ ಎಂಬ ಆಳು ಉಳಿದುಬಿಟ್ಟ. ಅವನು ಕಲ್ಲಿನಿಂದ ಮೂರು ಸಲ ಬಡಿದ. ಈಚೆಯವರೂ ಮೂರು ಬಡಿದರು. ಕೇಳಿಸಿತು, ಅಗೆಯುತ್ತಿದ್ದೇವೆ ಎಂದು ಅದರ ಅರ್ಥ. ಮೂರು ದಿನ ಹಾಗೆ ನಡೆಯಿತು. ನಾಲ್ಕನೇ ದಿನ, ಇನ್ನಷ್ಟು ಕುಸಿದೀತೆಂದು ಆ ದಾರಿಗೇ ಗೋಡೆ ಎಬ್ಬಿಸಿದರು. ಅದಾದ ಮೇಲೆ ಅವನು ಮುದ್ದೆ ಉಣ್ಣುತ್ತಿದ್ದ ಗಂಗಳ, ಊಟದ ಹೊತ್ತಿಗೆ ತಾನಾಗಿ ಸದ್ದು ಮಾಡತೊಡಗಿತು. ಹೆಂಡತಿ ಕದಿರಮ್ಮ ಕುಪ್ಪಂ ಕಡೆಯ ಮಂತ್ರವಾದಿಯನ್ನು ಕರೆಸಿ, ಕೋಳಿ ಬಲಿ ಕೊಟ್ಟು, ಕೆಂಪು ದಾರದಲ್ಲಿ ಕಟ್ಟು ಹಾಕಿಸಿದಳು. ಜನರ ಗದ್ದಲದ ನಡುವೆ ಬೋರಲು ಹಾಕಿಡಿ, ಒಳಗಿನವನಿಗೆ ಯಾವ ಬಡಿತವೂ ಬೇರೆಯಾಗಿ ಕೇಳಿಸಬಾರದು ಎಂದು ಮಂತ್ರವಾದಿ ಹೇಳಿ ಹೋಗಿದ್ದ. ಹಾಗೆಂದೇ ಅದು ಸಂತೆಯ ಈ ಸಾಲಿಗೆ ಬಂದಿತ್ತು.

“ಒಳ್ಳೆ ಬೆಲೆ ಏರಿಸೋ ಕತೆ,” ಎಂದ ಶ್ರೀನಿವಾಸಪ್ಪ. ಗಂಗಳ ಎತ್ತಿ ತಿರುವಿದ. ದಾರ ಪಟ್ಟನೆ ಹರಿಯಿತು. ಕಸುಬಿನ ಚಾಳಿ, ಬೆರಳ ಗೆಣ್ಣಿನಿಂದ ಮೂರು ಸಲ ತಟ್ಟಿದ.

ನಾದ ಜೇನಿನಂತೆ ಎಳೆಎಳೆಯಾಗಿ ಹೊರಟಿತು. ನಿಲ್ಲಲೇ ಇಲ್ಲ. ಸಾಲಿನಲ್ಲಿದ್ದ ದೀಪ, ಗಂಟೆ, ತಂಬಿಗೆಗಳೆಲ್ಲ ಸಣ್ಣಗೆ ನಡುಗಿದವು. ಸಂತೆಯ ಮಾತು ನಿಂತಿತು. ವಡೆಯ ಎಣ್ಣೆ ಮಾತ್ರ ಚುರುಗುಟ್ಟುತ್ತಿತ್ತು. ಆಮೇಲೆ ಅವನ ಕಾಲಡಿಯ ನೆಲದೊಳಗಿಂದ ಮೂರು ಪೆಟ್ಟು.

ಪೆದ್ದಮ್ಮ ತಲೆಗೆ ಸೆರಗು ಎಳೆದುಕೊಂಡಳು. “ಬತ್ತೀವಿ ಅಂತ ಯೋಳ್ಬಿಟ್ಟೆಯಲ್ಲ ನಾಯನಾ.”

ಕೆಳಗೆ ಗಣಿಯಲ್ಲಿ ಮದ್ದು ಸಿಡಿಸಿರಬೇಕು ಎಂದು ಹೇಳಿ, ಗಂಗಳವನ್ನು ಅಲ್ಲೇ ಬಿಟ್ಟು ಅವನು ಹೊರಟ. ರೈಲಿನಲ್ಲಿ ಕೂತ ಹಲಗೆಯ ಕೆಳಗೆ ಮೂರು ಪೆಟ್ಟು. ಗಾಲಿಯ ಸದ್ದು ಎಂದುಕೊಂಡ. ಬಂಗಾರಪೇಟೆಯಲ್ಲಿ ಇಳಿದು, ಮಾವನ ಮನೆಯ ಬಾವಿಕಟ್ಟೆಯಲ್ಲಿ ಕಾಲು ತೊಳೆದ. ಕಲ್ಲಿನೊಳಗಿಂದ ಮೂರು. ಅಲ್ಲಿ ಗಾಲಿ ಇರಲಿಲ್ಲ.

ಮುನಿರತ್ನಮ್ಮ ನಗುತ್ತ ಎದುರಾದಳು. ಬೆಳಗಿನಿಂದ ಮಗು ಬಿಡದೆ ಒದೆಯುತ್ತಿದೆ ಎಂದು ಅವನ ಕೈ ಎಳೆದು ಹೊಟ್ಟೆಯ ಮೇಲೆ ಇಟ್ಟುಕೊಂಡಳು.

ಮೂರು ಪೆಟ್ಟು. ಬಿಡುವು. ಮತ್ತೆ ಮೂರು.

ಅವಳ ಉಸಿರಿನಲ್ಲಿ ಒದ್ದೆ ಬಂಡೆಯ ವಾಸನೆ ಇತ್ತು, ಸಿಡಿಮದ್ದಿನ ಹೊಗೆಯ ಘಾಟು ಇತ್ತು.

ಮಂಗಳವಾರದ ಹೊತ್ತಿಗೆ ಅವಳ ನಗು ಇಂಗಿಹೋಯಿತು. ಹೊಟ್ಟೆಯ ಚರ್ಮ ಒಳಗಿನಿಂದಲೇ ಕಂದಿತು. ಅನ್ನ ಬಾಯಿಗಿಟ್ಟರೆ ಮಣ್ಣು ಎನ್ನುತ್ತಿದ್ದಳು. ಸೂಲಗಿತ್ತಿ ಚಿಕ್ಕವೆಂಕಟಮ್ಮ ಕೈಯಿಟ್ಟು ನೋಡಿ ಸರಕ್ಕನೆ ಹಿಂದೆಗೆದಳು. “ಇದು ಮಗೀನ ಒದೆಯಲ್ಲಪ್ಪ. ಏನೋ ದಾರಿ ಉಡುಕ್ತಾ ಐತೆ. ಈಗ್ಲೇ ದಾರಿ ಸಿಕ್ರೆ ಇಬ್ರೂ ಉಳಿಯಲ್ಲ.”

ಬುಧವಾರ ಶ್ರೀನಿವಾಸಪ್ಪ ಪೆದ್ದಮ್ಮನನ್ನು ಕೇಳಿಕೊಂಡು, ಸಂತೆ ಮಾಳದ ಹಿಂದೆ ಕದಿರಮ್ಮನಿದ್ದ ಗುಡಿಸಲಿಗೆ ಓಡಿದ. ಅವಳು ವಡೆಯವರಿಗೆ ಹಿಟ್ಟು ರುಬ್ಬುತ್ತಿದ್ದಳು. ಅವನು ತನ್ನ ತಪ್ಪನ್ನೆಲ್ಲ ಹೇಳಿ ಕಾಲು ಹಿಡಿದ. ಅವಳು ಗುಂಡುಕಲ್ಲು ನಿಲ್ಲಿಸಲಿಲ್ಲ.

“ಗೋಡೆ ಕಟ್ಟಿದ್ದು ಅವ್ನಿಗೆ ಯಾರೂ ಯೋಳ್ಲಿಲ್ಲ. ನಾನೂ ಯೋಳ್ಲಿಲ್ಲ. ಯೋಳಾಕೆ ಬಾಯಿ ಬರ್ಲಿಲ್ಲ, ಅದ್ಕೇ ಕಟ್ಟು ಆಕ್ಸಿದ್ದು,” ಎಂದಳು. ಸ್ವಲ್ಪ ಹೊತ್ತಿಗೆ ಕೈ ತೊಳೆದುಕೊಂಡು ಎದ್ದಳು.

ಪೆದ್ದಮ್ಮನಿಂದ ಗಂಗಳ ಇಸಿದುಕೊಂಡು ಇಬ್ಬರೂ ಬಂಗಾರಪೇಟೆ ಸೇರುವಾಗ ನಡುಮಧ್ಯಾಹ್ನ. ಹೊರಗೆ ಬಿಸಿಲು. ಕೋಣೆಯೊಳಗೆ ಮಾತ್ರ ಕಾವಳ, ಮಾಡಿನಿಂದ ಕಲ್ಲುಪುಡಿ ಉದುರುತ್ತಿತ್ತು. ಮುನಿರತ್ನಮ್ಮ ಚಾಪೆಯ ಮೇಲೆ ಬಿಲ್ಲಿನಂತೆ ಬಾಗಿದ್ದಳು. ಕದಿರಮ್ಮ ಅವಳ ಪಕ್ಕದಲ್ಲಿ ಗಂಗಳ ಇಟ್ಟು, ಅದರ ಅಂಚಿಗೆ ಬಾಯಿ ತಂದಳು.

“ಲೇ ಅಂಜೀ, ನಾನು ಕಣ್ಲಾ. ಯಾರೂ ಬರಲ್ಲ. ಅಗೆಯೋದು ಅವತ್ತೇ ನಿಲ್ಸಿದ್ರು. ನಂಗೆ ಗೊತ್ತಿತ್ತು.”

ಪೆಟ್ಟು ನಿಂತಿತು. ಉಸಿರೆಳೆಯುವಷ್ಟು ಹೊತ್ತು. ಆಮೇಲೆ ಶುರುವಾಯಿತು. ಗೋಡೆಯಲ್ಲಿ. ನೆಲದಲ್ಲಿ. ಹೊಟ್ಟೆಯಲ್ಲಿ. ಲೆಕ್ಕವಿಲ್ಲ, ಬಿಡುವಿಲ್ಲ. ಮುನಿರತ್ನಮ್ಮ ಚೀರಿದಳು. ಗಂಗಳ ಅಂಚಿನಿಂದ ಅಂಚಿಗೆ ಸೀಳಿತು. ಕದಿರಮ್ಮ ಕದಲಲಿಲ್ಲ. ಅದೇ ಮಾತು. ಮತ್ತೆ ಅದೇ ಮಾತು. ಬಡಿತ ಸೋತಿತು. ಬಿಟ್ಟು ಬಿಟ್ಟು ಬಂತು. ಒಂದು. ಇನ್ನೊಂದು. ಆಮೇಲೆ ಇಲ್ಲ.

ಹೊಟ್ಟೆಯೂ ಸ್ತಬ್ಧ. ಚಿಕ್ಕವೆಂಕಟಮ್ಮ ಕೈಯಿಟ್ಟು ಕಣ್ಣು ಮುಚ್ಚಿ ಕೂತಳು. ಬಹಳ ಹೊತ್ತಿನ ಮೇಲೆ ಒಳಗೆ ಏನೋ ಮೆಲ್ಲಗೆ ಮಗ್ಗುಲಾಯಿತು, ನಿದ್ದೆಯಲ್ಲಿ ಹೊರಳುವ ಕೂಸಿನ ಹಾಗೆ. ಸೂಲಗಿತ್ತಿ ತಲೆಯಾಡಿಸಿದಳು.

ಹೊರಡುವಾಗ ಕದಿರಮ್ಮ ಶ್ರೀನಿವಾಸಪ್ಪನನ್ನು ಬಾಗಿಲಾಚೆ ಕರೆದಳು. “ಮಗೀನ ಬಿಟ್ಟ. ನಿನ್ನ ಕೈಯಿನ ಗುರ್ತು ಬಿಡಲ್ಲ. ಬತ್ತೀವಿ ಅಂದ ಕೈ ಅದು. ಅದು ಮಗೀನ ಮೈಮ್ಯಾಲೆ ಬಿದ್ದ ದಿನ ತಿರ್ಗಾ ಬತ್ತಾನೆ.”

ಈ ಸಲ ಅವನಿಗೆ ನಗು ಬರಲಿಲ್ಲ.

ಮಾಘದಲ್ಲಿ ಹೆಣ್ಣು ಮಗುವಾಯಿತು. ಬಲವಾದ ಅಳು, ತುಂಬಿದ ಕೆನ್ನೆ. ಹತ್ತು ದಿನ ಅವನು ಜಗಲಿಯಲ್ಲೇ ಮಲಗಿದ. ಹನ್ನೊಂದನೇ ದಿನ ಪುರುಡು ಕಳೆದ ಮೇಲೆ, ಊರು ಬಿಡುತ್ತೇನೆ ಎಂದವನ ಮುಂದೆ ಮುನಿರತ್ನಮ್ಮ ಮಗುವನ್ನು ಚಾಚಿದಳು.

“ಒಂದ್ಸಲ ಎತ್ಕೊಳ್ಳಿ. ಆಮೇಲೆ ಎಲ್ಲಿಗಾದ್ರೂ ಓಗಿ.”

ಅವನು ಎರಡೂ ಕೈಯನ್ನು ಬೆನ್ನ ಹಿಂದೆ ಹಿಡಿದುಕೊಂಡು, ಬಾಗಿ ಮುಖ ನೋಡಿದ. ಮಗು ಅವನ ಕಡೆಗೇ ಕಣ್ಣು ಬಿಟ್ಟಿತು. ಅವನು ಹಿಂದಕ್ಕೆ ಸರಿದ. ಅವಳು ಮಗುವನ್ನು ಮಡಿಲಿಗೆ ಎಳೆದುಕೊಂಡಳು.

ಮುಂದಿನ ಸೋಮವಾರ ಬೆಳಗಿನ ಗಾಡಿಗೇ, ಮಗುವನ್ನು ಒಮ್ಮೆಯೂ ಮುಟ್ಟದೆ, ಶ್ರೀನಿವಾಸಪ್ಪ ಬಂಗಾರಪೇಟೆ ಬಿಟ್ಟುಹೋದ.