ಕುಲುಮೆಯ ಗೆರೆಯಲ್ಲೊಂದು ಮೆಟ್ಟಿಲು

ಸೋಮವಾರ ಬೆಳಗ್ಗೆ 9.15ಕ್ಕೆ ಮೆಗ್ನೀಸಿಯಂ ತಗಡಿನ ಕಾರ್ಖಾನೆಯ ಮ್ಯಾನೇಜರ್ ಠಾಣೆಗೆ ಬಂದು ದೂರು ಬರೆದುಕೊಟ್ಟರು. ಪ್ರತಿ ಭಾನುವಾರ, ರಜೆಯ ದಿನ, ಯಾರೋ ಒಳಹೊಕ್ಕು ಕುಲುಮೆ ಉರಿಸುತ್ತಿದ್ದಾರೆ. ಬೀಗ ಮಾತ್ರ ಮುರಿದಿಲ್ಲ. ತೀರಿಕೊಂಡ ಕುಲುಮೆಯವನೇ ಬರುತ್ತಾನೆಂದು ಕೆಲಸಗಾರರು ಅತ್ತ ಕಾಲಿಡುತ್ತಿಲ್ಲ.

"ದೆವ್ವದ ಮೇಲೆ ಎಫ್‌ಐಆರ್ ಯಾವ ಸೆಕ್ಷನ್ನಲ್ಲಿ ಸಾರ್?" ಎಂದ ಹೆಡ್ ಕಾನ್‌ಸ್ಟೇಬಲ್.

ಇನ್‌ಸ್ಪೆಕ್ಟರ್ ನಗಲಿಲ್ಲ. ನಾಲ್ಕು ತಿಂಗಳ ಹಿಂದೆ ಆ ಕಾರ್ಖಾನೆಯ ತಗಡಿನಿಂದಾದ ಏಣಿ ಮುರಿದು ಬಣ್ಣ ಬಳಿಯುವಾಕೆ ಸತ್ತಿದ್ದಳು. ಕಾವು ತಪ್ಪಿದೆಯೆಂದು ಕುಲುಮೆಯವನ ಮೇಲೆ ಗೂಬೆ ಕೂರಿಸಿ ಬಂಧಿಸಿದ್ದು ಇವರೇ. ವಿಚಾರಣೆಗೆ ಮೊದಲೇ ಆತ ಜೈಲಿನಲ್ಲಿ ಎದೆನೋವಿನಿಂದ ಸತ್ತ. ಕೊನೆಯವರೆಗೂ ನಾನಲ್ಲ, ನಾನಲ್ಲ ಎನ್ನುತ್ತಿದ್ದ.

10.40ಕ್ಕೆ ಸ್ಥಳ ಪಂಚನಾಮೆ ನಡೆಯಿತು. ಕುಲುಮೆ ಇನ್ನೂ ಬೆಚ್ಚಗಿತ್ತು. ಎದುರಿಗೆ ಸತ್ತವನ ಸ್ಟೂಲು. ಕಾವು ದಾಖಲಿಸುವ ಕಾಗದದ ಮೇಲೆ ಗೆರೆ ನೂರು ಡಿಗ್ರಿಗೆ ಏರಿ, ಅರ್ಧ ಗಂಟೆ ನಿಂತು, ಮತ್ತೆ ಏರಿತ್ತು. ಹೀಗೆ ನಡುವೆ ತಡೆದು ಮೆಟ್ಟಿಲು ಮೆಟ್ಟಿಲಾಗಿ ಕಾವು ಏರಿಸುತ್ತಿದ್ದವನು ಇಡೀ ಕಾರ್ಖಾನೆಯಲ್ಲಿ ಆತನೊಬ್ಬನೇ. ಮೂಲೆಯ ಡಬ್ಬದಲ್ಲಿ ಬಗ್ಗಿದ ತಗಡಿನ ತುಂಡುಗಳು ಸಿಕ್ಕವು. ಎಲ್ಲದರ ಮೇಲೂ ಮುರಿದ ಏಣಿಯ ಬ್ಯಾಚಿನ ನಂಬರೇ ಇತ್ತು.

ಕಾರ್ಖಾನೆಯ ಪರೀಕ್ಷಾ ಕೋಣೆಯ ಹೆಂಗಸು ಬಿಡಿಸಿ ಹೇಳಿದಳು. ಈ ಲೋಹ ಗಟ್ಟಿಯಾಗಲು ಮೊದಲು ರೋಲರ್‌ನಲ್ಲಿ ಎಂಟು ಬಾರಿ ಒತ್ತಬೇಕು, ಆಮೇಲೆ ಹತ್ತು ಗಂಟೆ ಹದವಾದ ಕಾವು ಕೊಡಬೇಕು. ಒತ್ತುವುದು ಕಡಿಮೆಯಾದರೆ ಎಷ್ಟು ಕಾಯಿಸಿದರೂ ನೀರಲ್ಲಿ ಹೋಮ ಮಾಡಿದ ಹಾಗೆ. ಅವಳು ಒಂದು ತುಂಡನ್ನು ಸೂಕ್ಷ್ಮದರ್ಶಕದಡಿ ಇಟ್ಟಳು.

"ಒಳಗಿನ ಕಣ ಹಿಟ್ಟಿನ ಹಾಗಿರ್ಬೇಕು. ಇದು ನುಚ್ಚು. ಮೂರು ಸಲ ಒತ್ತಿದ್ರೆ ಅದೇ ಹೆಚ್ಚು."

"ಆಗ ಯಾಕೆ ಹೇಳ್ಲಿಲ್ಲ?"

"ನೀವು ಕೇಳ್ಲಿಲ್ಲ. ರಿಜಿಸ್ಟರ್‌ನಲ್ಲಿ ಎಂಟು ಅಂತಿತ್ತು, ನೋಡಿ ಹೋದ್ರಿ."

ಇನ್‌ಸ್ಪೆಕ್ಟರ್ ರಿಜಿಸ್ಟರ್ ತರಿಸಿ ಮತ್ತೆ ನೋಡಿದರು. ಆ ಎಂಟನ್ನು ಬರೆದವನು ರೋಲರ್‌ನವನು, ಸತ್ತವನ ಹೆಂಡತಿಯ ತಮ್ಮ.

ಮುಂದಿನ ಭಾನುವಾರ ಬೆಳಗ್ಗೆ 6ಕ್ಕೆ ಇನ್‌ಸ್ಪೆಕ್ಟರ್ ಮತ್ತು ಹೆಡ್ ಕಾನ್‌ಸ್ಟೇಬಲ್ ಪೆಟ್ಟಿಗೆಗಳ ಹಿಂದೆ ಅಡಗಿ ಕುಳಿತರು. 6.40ಕ್ಕೆ ಹಿಂಬಾಗಿಲಲ್ಲಿ ಬೀಗದಕೈ ತಿರುಗಿತು. ರೋಲರ್‌ನವನು ಒಳಗೆ ಬಂದು ತಗಡಿನ ತುಂಡೊಂದನ್ನು ಕುಲುಮೆಗಿಟ್ಟ. ಸ್ಟೂಲನ್ನು ಒರೆಸಿದ, ಅದರ ಮೇಲೆ ಕೂರಲಿಲ್ಲ. ಪಕ್ಕದಲ್ಲಿ ನೆಲದ ಮೇಲೆ ಕುಳಿತ. ಮುಳ್ಳು ನೂರಕ್ಕೆ ಬಂದು ಅರ್ಧ ಗಂಟೆಯಾದ ಮೇಲೆ ಖಾಲಿ ಸ್ಟೂಲಿನತ್ತ ತಿರುಗಿ ಕೇಳಿದ: "ಸಾಕಾ ಭಾವ? ಏರಿಸ್ಲಾ?"

ಸ್ವಲ್ಪ ಹೊತ್ತು ಕಿವಿಗೊಟ್ಟ. "ಸರಿ" ಎಂದು ಎದ್ದು ಕಾವು ಏರಿಸಿದ.

ದೆವ್ವದ ತಮಾಷೆ ಮಾಡಿದ್ದ ಹೆಡ್ ಕಾನ್‌ಸ್ಟೇಬಲ್ ಇನ್‌ಸ್ಪೆಕ್ಟರರ ತೋಳು ಹಿಡಿದುಕೊಂಡ. ಈಗಲೇ ಹಿಡಿಯೋಣವೆಂದು ಪಿಸುಗುಟ್ಟಿದ. ಕೊನೆಗೆ ಏನು ಮಾಡುತ್ತಾನೋ ನೋಡಬೇಕೆಂದು ಇನ್‌ಸ್ಪೆಕ್ಟರ್ ತಡೆದರು. ಸಂಜೆ 5.30ಕ್ಕೆ ಆತ ತುಂಡನ್ನು ಹೊರತೆಗೆದು ಆರಿಸಿ, ಇಕ್ಕಳಕ್ಕೆ ಸಿಕ್ಕಿಸಿ ಬಲವಾಗಿ ಅದುಮಿದ. ತುಂಡು ಮೆತ್ತಗೆ ಬಗ್ಗಿತು.

"ಇವತ್ತೂ ಬಗ್ತು ಭಾವ" ಎಂದು ಅದನ್ನು ಸ್ಟೂಲಿನ ಮೇಲಿಟ್ಟ.

ಬಂಧನದ ವೇಳೆ 5.55. ಹೇಳಿಕೆಯಲ್ಲಿ ಆತ ಏನನ್ನೂ ಮುಚ್ಚಿಡಲಿಲ್ಲ. ಒತ್ತಿದಾಗಲೆಲ್ಲ ತಗಡಿನ ಅಂಚು ಬಿರಿಯುತ್ತಿತ್ತು, ಗಡುವು ಮೀರಿತ್ತು. ಮೊದಲೇ ತೆಳುವಾಗಿದ್ದ ಲೋಹದ ಹಲಗೆ ತೆಗೆದುಕೊಂಡು ಮೂರೇ ಬಾರಿ ಒತ್ತಿ ಎಂಟೆಂದು ಬರೆದ. ದಪ್ಪದ ಅಳತೆ ಸರಿಯಿತ್ತು, ಯಾರ ಕಣ್ಣಿಗೂ ಬೀಳಲಿಲ್ಲ. ಬೀಗದಕೈ ಭಾವನ ಹಳೆಯ ಅಂಗಿಯ ಜೇಬಿನಲ್ಲಿ ಸಿಕ್ಕಿತ್ತು.

"ಮತ್ತೆ ಮತ್ತೆ ಯಾಕೆ ಕಾಯಿಸ್ತಿದ್ದೆ?"

"ಭಾವ ದಿನಾ ಕಾಯಿಸ್ದಂಗೇ ಕಾಯಿಸ್ತಿದ್ದೆ ಸಾರ್. ಒಂದೇ ಒಂದು ತುಂಡು ಗಟ್ಟಿ ಬಂದಿದ್ರೂ, ಆವತ್ತು ಕಾವು ತಪ್ಪಿಸಿದ್ದು ಅವರೇ, ತಪ್ಪು ನನ್ನದಲ್ಲ ಅಂತ ತಲೆಯೆತ್ತಿ ಅಕ್ಕನ ಮುಖ ನೋಡ್ತಿದ್ದೆ."

ಸೋಮವಾರ ಇನ್‌ಸ್ಪೆಕ್ಟರ್ ತಾವೇ ಆ ಅಕ್ಕನ ಮನೆಗೆ ಹೋಗಿ ಎಲ್ಲವನ್ನೂ ಹೇಳಿದರು. ಆಕೆ ಬಾಗಿಲ ಚೌಕಟ್ಟು ಹಿಡಿದು ನಿಂತೇ ಕೇಳಿದಳು.

"ಹಂಗಾದ್ರೆ ನಮ್ಮನೆಯವ್ರು ಹೇಳ್ತಿದ್ದಿದ್ದು ನಿಜಾನಾ?"

"ನಿಜ ಅಮ್ಮ. ನಾನು ನಂಬಲಿಲ್ಲ."

"ನಾನೂ ನಂಬಿರ್ಲಿಲ್ಲ ಸಾರ್" ಎಂದಳು ಆಕೆ.