ಅಮ್ಮ ಒರೆಸಿದ ನಕ್ಷತ್ರ

“ಎಲ್ಲಾ ಸರಿ, ಏಡಿ ಎಲ್ಲಿ?” ಎಂದು ಕೊಕ್ಕರೆ ಕೇಳಿದ.

ಸೈನ್ಸ್ ಲ್ಯಾಬಿನ ಉದ್ದ ಮೇಜಿನ ಮೇಲೆ ದೊಡ್ಡ ಫೋಟೋ ಹರಡಿತ್ತು. ಸುರುಳಿ ಸುತ್ತಿಕೊಳ್ಳದಿರಲೆಂದು ನಾಲ್ಕು ಮೂಲೆಗೆ ನಾಲ್ಕು ಪುಸ್ತಕ ಇಟ್ಟಿದ್ದರು. ಕಡುಕಪ್ಪು ಆಕಾಶ, ಅದರ ತುಂಬ ಸೂಜಿಯಲ್ಲಿ ಚುಚ್ಚಿದಂಥ ನಕ್ಷತ್ರಗಳು. ಆಕಾಶ ನೋಡುವ ಕ್ಲಬ್ಬಿನ ಐದೂ ಮಕ್ಕಳು ಬಗ್ಗಿ ಹುಡುಕುತ್ತಿದ್ದರು. ಕತ್ತು ಉದ್ದವೆಂದು ಎಲ್ಲರೂ ಕೊಕ್ಕರೆ ಎನ್ನುತ್ತಿದ್ದ ಹುಡುಗನ ಮೂಗು ಇನ್ನೇನು ಕಾಗದಕ್ಕೆ ತಾಗುವುದರಲ್ಲಿತ್ತು.

ಫೋಟೋ ತಂದವಳು ಪಿಟೀಲು. ಒಂದು ಮಾತು ಹಿಡಿದರೆ ಕುಯ್ಯುತ್ತಲೇ ಇರುತ್ತಾಳೆಂದು ಅವಳ ಸೋದರಮಾವ ಇಟ್ಟ ಹೆಸರು ಅದು. ಹೇಗೋ ಶಾಲೆಗೂ ತಲುಪಿತ್ತು. ಈಗ ಮಾತ್ರ ತಂತಿ ಕಡಿದ ಹಾಗೆ ಸುಮ್ಮನಿದ್ದಳು.

“ಇದೇ ಅಲ್ವಾ?” ಎಂದು ಎಲ್ಲಕ್ಕಿಂತ ದೊಡ್ಡ ಚುಕ್ಕಿಯ ಮೇಲೆ ಬೆರಳಿಟ್ಟಳು.

“ಅದು ಬರೀ ನಕ್ಷತ್ರ,” ಎಂದರು ಸೈನ್ಸ್ ಮಿಸ್. ಅವರ ಬೆರಳು ಫೋಟೋದ ನಟ್ಟನಡುವೆ ಬಂದು ನಿಂತಿತು. “ಏಡಿ ಇಲ್ಲಿರಬೇಕಿತ್ತು.”

ಅಲ್ಲಿ ಏನೂ ಇರಲಿಲ್ಲ. ಒರೆಸಿ ಇಟ್ಟ ಸ್ಲೇಟಿನ ಹಾಗೆ ಕಪ್ಪಗಿತ್ತು.

ಏಡಿ ಎಂದರೆ ಏಡಿ ನೀಹಾರಿಕೆ. ಭಾರೀ ನಕ್ಷತ್ರವೊಂದು ಸಿಡಿದು ಚೂರಾದ ಜಾಗ. ಆ ಸಿಡಿತದ ಬೆಳಕು ಭೂಮಿಗೆ ಬಂದು ಮುಟ್ಟಿದ್ದೇ ಸುಮಾರು ಸಾವಿರ ವರ್ಷದ ಹಿಂದೆ. ಉಳಿದದ್ದು ಇನ್ನೂ ಹೊಗೆಯಂತೆ ಹರಡುತ್ತಲೇ ಇದೆ ಎಂದು ಮಿಸ್ ಹೇಳಿದ್ದರು. ಅದನ್ನು ಹಿಡಿಯಲು ಮಕ್ಕಳು ನಾಲ್ಕು ಸಂಜೆ ಶಾಲೆಯ ಟೆರೇಸಿನ ಮೇಲೆ ಕಾದರು. ನಾಲ್ಕೂ ಸಂಜೆ ಮೋಡ. ಐದನೆಯ ಸಂಜೆ ಆಕಾಶ ಬಿಟ್ಟುಕೊಟ್ಟಿತು. ಒಬ್ಬೊಬ್ಬರಾಗಿ ಟೆಲಿಸ್ಕೋಪಿನಲ್ಲಿ ಇಣುಕಿದ ಮೇಲೆ ಮಿಸ್ ಅದಕ್ಕೆ ಕ್ಯಾಮೆರಾ ಸಿಕ್ಕಿಸಿ ನೂರಾರು ಫೋಟೋ ತೆಗೆದರು. ಮನೆಯಲ್ಲಿ ಕೂತು ಎಲ್ಲವನ್ನೂ ಒಂದರ ಮೇಲೊಂದು ಕೂಡಿಸಿ ಒಂದೇ ಚಿತ್ರ ಮಾಡಿ, ಪೆನ್‌ಡ್ರೈವನ್ನು ಪಿಟೀಲಿನ ಕೈಗೆ ಕೊಟ್ಟರು. ಅವಳ ಅಮ್ಮ ಕೆಲಸ ಮಾಡುವ ಫೋಟೋ ಸ್ಟುಡಿಯೋದಲ್ಲಿ ದೊಡ್ಡ ಪ್ರಿಂಟರ್ ಇತ್ತಲ್ಲ. ಇವತ್ತು ಸಂಜೆ ಏಳಕ್ಕೆ ಅಪ್ಪ ಅಮ್ಮಂದಿರೆಲ್ಲ ನೋಡಲು ಬರುವವರಿದ್ದರು.

ಎಲ್ಲರೂ ಪಿಟೀಲಿನ ಮುಖ ನೋಡಿದರು.

“ಅಮ್ಮ ಅಳಿಸಿಬಿಟ್ಟಿರ್ಬೇಕು, ಮಿಸ್. ಕಲೆ ಅಂದ್ಕೊಂಡು.”

ಕೊಕ್ಕರೆ ತಣ್ಣಗೆ ಹೇಳಿದ, “ಎಲ್ಲರ ಮನೇಲೂ ನೆಲ ಒರೆಸ್ತಾರಪ್ಪ. ಇವರಮ್ಮ ನಕ್ಷತ್ರಾನೇ ಒರೆಸ್ಬಿಟ್ಟಿದ್ದಾರೆ.”

ಲ್ಯಾಬ್ ತುಂಬ ನಗು. ಪಿಟೀಲೂ ನಕ್ಕಳು. ಆದರೆ ಯಾರ ಮುಖವನ್ನೂ ನೋಡದೆ ಮೂಲೆಯ ಪುಸ್ತಕ ಸರಿ ಮಾಡತೊಡಗಿದಳು.

ಏಕೆಂದರೆ ಅವಳು ಹೇಳಿದ್ದು ಸುಳ್ಳಲ್ಲ, ಆದರೆ ಪೂರ್ತಿ ನಿಜವೂ ಅಲ್ಲ. ನಿನ್ನೆ ಅಮ್ಮ ಕಂಪ್ಯೂಟರಿನ ಮುಂದಿನಿಂದ ಕರೆದು ಕೇಳಿದ್ದಳು, ನಡುವೆ ಹೆಬ್ಬೆಟ್ಟು ಒತ್ತಿದ ಹಾಗೆ ಮಬ್ಬಾಗಿ ಏನೋ ಇದೆ, ತೆಗೀಲಾ ಅಂತ. ಪಿಟೀಲು ಬಂದು ನೋಡಿಯೂ ಇದ್ದಳು. ನೋಡಿ, “ಹೂಂ, ತೆಗಿ” ಎಂದಿದ್ದಳು.

ಏಡಿ ಹೇಗಿರುತ್ತದೆಂದು ಅವಳಿಗೆ ಗೊತ್ತೇ ಇರಲಿಲ್ಲ. ಅವತ್ತು ಟೆಲಿಸ್ಕೋಪಿನಲ್ಲಿ ಅವಳಿಗೆ ಕಂಡದ್ದು ಬರೀ ಕತ್ತಲೆ, ನಾಲ್ಕಾರು ಚುಕ್ಕಿ. ಮುಂಚೆ ನೋಡಿದವರೆಲ್ಲ “ಕಾಣ್ತು ಮಿಸ್” ಎಂದು ಸ್ಟೂಲಿನಿಂದ ಇಳಿದಿದ್ದರು. ಅವಳೂ “ಕಾಣ್ತು ಮಿಸ್” ಎಂದು ಇಳಿದಿದ್ದಳು.

ಮಿಸ್ ಬೈಯಲಿಲ್ಲ. ಮೂಲ ಚಿತ್ರ ತಮ್ಮ ಲ್ಯಾಪ್‌ಟಾಪಿನಲ್ಲಿದೆ ಎಂದು ಮತ್ತೊಮ್ಮೆ ಪೆನ್‌ಡ್ರೈವಿಗೆ ಹಾಕಿ ಕೊಟ್ಟರು. ಸಂಜೆಯೊಳಗೆ ಇನ್ನೊಂದು ಪ್ರಿಂಟ್ ಆಗಬಹುದಾ ಎಂದು ಅಮ್ಮನನ್ನು ಕೇಳು, ಅವರೂ ಖಂಡಿತ ಬರಬೇಕು ಎಂದರು.

ಸ್ಟುಡಿಯೋ ಶಾಲೆಯಿಂದ ಎರಡು ಬೀದಿ ಆಚೆ. ಮುಂದೆ ಬಿಳಿ ಪರದೆ, ಅದರೆದುರು ತಿರುಗುವ ಸ್ಟೂಲು. ಹಿಂದಿನ ಕೋಣೆಯಲ್ಲಿ ಅಮ್ಮನ ಕಂಪ್ಯೂಟರು. ಮೊಡವೆ, ಗಾಯದ ಗುರುತು, ಹಳೆ ಫೋಟೋ ಮೇಲಿನ ಬೂಷ್ಟು, ಏನು ತಂದರೂ ಅಮ್ಮ ತೆಗೆದುಕೊಡುತ್ತಿದ್ದಳು. ಮೊಸರಲ್ಲಿ ಕಲ್ಲು ಹುಡುಕೋದಕ್ಕೇ ನಿಮ್ಮಮ್ಮಂಗೆ ಸಂಬಳ ಎಂದು ಮಾವ ತಮಾಷೆ ಮಾಡುವುದಿತ್ತು.

ಅಮ್ಮ ಯಾರದೋ ತಾತನ ಹಣೆ ಸರಿ ಮಾಡುತ್ತಿದ್ದಳು. ಪಿಟೀಲು ನಿಂತಲ್ಲೇ ಎಲ್ಲ ಹೇಳಿದಳು. ಮಕ್ಕಳು ನಕ್ಕದ್ದು ಹೇಳಬಾರದು ಅಂದುಕೊಂಡಿದ್ದಳು, ಅದೂ ಬಾಯಿ ತಪ್ಪಿ ಬಂತು. ಅಮ್ಮನ ಕೈ ಮೌಸಿನ ಮೇಲೆ ಹಾಗೇ ನಿಂತಿತು.

“ನಾನು ನಿನ್ನ ಕೇಳೇ ತೆಗೆದೆ. ಅದನ್ನ ಹೇಳಿದ್ಯಾ?”

ಪಿಟೀಲು ನೆಲ ನೋಡಿದಳು.

ಅಮ್ಮ ಪೆನ್‌ಡ್ರೈವ್ ಚುಚ್ಚಿ ಚಿತ್ರ ತೆರೆದು, ನಡುವಿನ ಮಬ್ಬನ್ನು ದೊಡ್ಡದು ಮಾಡಿ ಬಹಳ ಹೊತ್ತು ನೋಡಿದಳು.

“ಇದನ್ನ ತೆಗೆಯೋಕೆ ನಿನ್ನೆ ಒಂದೂವರೆ ಗಂಟೆ ಹಿಡೀತು. ಎಷ್ಟು ತೆಗೆದ್ರೂ ಎಲ್ಲೋ ಒಂದು ಎಳೆ ಉಳೀತಿತ್ತು. ಎಂಥಾ ಹಟಮಾರಿ ಕಲೆ ಅಂದ್ಕೊಂಡೆ.”

ಪ್ರಿಂಟರ್ ಗುಂಯ್‌ಗುಟ್ಟುತ್ತ ಕಾಗದವನ್ನು ಇಂಚಿಂಚಾಗಿ ಹೊರಗೆ ತಳ್ಳಿತು. ಅಮ್ಮ ಅದನ್ನು ಸುರುಳಿ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿಕೊಟ್ಟಳು. ಏಳು ಗಂಟೆಗೆ ಬರುತ್ತೀಯಲ್ಲ ಎಂದು ಪಿಟೀಲು ಕೇಳಿದಾಗ ತಾತನ ಹಣೆಯ ಕಡೆ ತಿರುಗಿ ಕೂತಳು.

“ನಗೋರ ಮುಂದೆ ನಾನ್ಯಾಕೆ ಬರ್ಲಿ? ಕೆಲಸ ಇದೆ. ನೀನು ಹೋಗು.”

ಬೀದಿಯಲ್ಲಿ ಪಿಟೀಲಿನ ಕಾಲು ಮುಂದಕ್ಕೆ ಹೋಗುತ್ತಿತ್ತು, ಮನಸ್ಸು ಹಿಂದಕ್ಕೆ. ಶಾಲೆಯ ಮೆಟ್ಟಿಲು ಹತ್ತುವಾಗ ಅಮ್ಮನನ್ನು ಒಪ್ಪಿಸಲು ಒಂದೊಂದು ಮೆಟ್ಟಿಲಿಗೂ ಒಂದೊಂದು ಉಪಾಯ ಹೊಳೆಯಿತು. ಟೆರೇಸು ಮುಟ್ಟುವಷ್ಟರಲ್ಲಿ ಒಂದೂ ಉಳಿಯಲಿಲ್ಲ.

ಇಪ್ಪತ್ತು ನಿಮಿಷದ ಮೇಲೆ ಅವಳು ಏದುಸಿರು ಬಿಡುತ್ತ ಮತ್ತೆ ಸ್ಟುಡಿಯೋದ ಬಾಗಿಲಲ್ಲಿದ್ದಳು.

“ಹೇಳ್ಬಿಟ್ಟೆ,” ಎಂದಳು.

“ಏನಂತ?”

“ನೀನು ಕೇಳಿದ್ದೆ, ನಾನೇ ತೆಗಿ ಅಂದೆ ಅಂತ. ಟೆಲಿಸ್ಕೋಪಲ್ಲಿ ನಂಗೆ ಏನೂ ಕಾಣಿಸೇ ಇರ್ಲಿಲ್ಲ, ಸುಮ್ನೆ ಕಾಣ್ತು ಅಂದಿದ್ದೆ ಅಂತಾನೂ.”

ಅಮ್ಮ ಕುರ್ಚಿ ತಿರುಗಿಸಿದಳು. “ನಕ್ಕರಾ?”

“ನಕ್ಕರು.” ಪಿಟೀಲು ಮೂಗು ಒರೆಸಿಕೊಂಡಳು. “ಆಮೇಲೆ ನೋಡಿದ್ರೆ ಕೊಕ್ಕರೆಗೂ ಕಾಣಿಸಿರ್ಲಿಲ್ವಂತೆ. ಇನ್ನಿಬ್ಬರಿಗೂ. ಮಿಸ್ ತಲೆ ಮೇಲೆ ಕೈ ಹೊತ್ಕೊಂಡು ಕೂತಿದ್ದಾರೆ.”

ಅಮ್ಮ ತುಟಿ ಬಿಗಿ ಹಿಡಿದಳು. ಅದು ನಗು ತಡೆಯುವಾಗಿನ ಬಿಗಿ ಎಂದು ಪಿಟೀಲಿಗೆ ಗೊತ್ತಿತ್ತು. ಕಂಪ್ಯೂಟರಿನ ಪರದೆ ಆರಿತು. ಚಪ್ಪಲಿಗಾಗಿ ಅಮ್ಮನ ಕಾಲು ಮೇಜಿನ ಕೆಳಗೆ ತಡಕಾಡಿತು.

ಟೆರೇಸಿನ ಗೋಡೆಗೆ ಹೊಸ ಪ್ರಿಂಟ್ ಅಂಟಿಸಿದ್ದರು. ಈ ಸಲ ಕಪ್ಪಿನ ನಡುವೆ ಅದು ಇತ್ತು. ಊದಿದ ಉಸಿರು ಚಳಿಯಲ್ಲಿ ನಿಂತ ಹಾಗೆ ಒಂದು ಬಿಳಿ ಮಬ್ಬು, ಅದರೊಳಗೆ ಕೂದಲೆಳೆಯಂಥ ಕೆಂಪು ನೂಲುಗಳು. ಪಿಟೀಲು ಅದನ್ನು ಮೊದಲ ಸಲ ನಿಜವಾಗಿ ನೋಡಿದಳು. ಇಷ್ಟು ಚೆಂದದ್ದನ್ನು ತೆಗಿ ಅಂದವಳು ತಾನೇನಾ ಅನ್ನಿಸಿತು.

ಅಮ್ಮನ ಸರದಿ ಬಂದಾಗ ಟೆಲಿಸ್ಕೋಪಿನ ಸುತ್ತ ಮಕ್ಕಳು ಗುಂಪುಗೂಡಿದರು. ಸುಲಭಕ್ಕೆ ಕಾಣುವುದಿಲ್ಲ, ಬೇಜಾರು ಮಾಡ್ಕೋಬೇಡಿ ಎಂದು ಮಿಸ್ ಮೊದಲೇ ಹೇಳಿದರು. ಅಮ್ಮ ಒಂದು ಕಣ್ಣು ಮುಚ್ಚಿ ಬಗ್ಗಿದಳು. ತಲೆಯನ್ನು ಚೂರು ಓರೆ ಮಾಡಿದಳು.

“ಇದೆ. ಮೊಟ್ಟೆ ಆಕಾರ. ಒಂದು ಕಡೆ ಅಂಚು ಸ್ವಲ್ಪ ಕಚ್ಚಿದ ಹಾಗಿದೆ.”

ಮಿಸ್ ತಾವೇ ಬಗ್ಗಿ ನೋಡಿ, ಬೆರಗಾಗಿ ಅಮ್ಮನನ್ನು ನೋಡಿದರು. ತಮಗೇ ಮೊದಲ ಸಲ ಹಿಡಿಯಲು ಮೂರು ಸಂಜೆ ಬೇಕಾಗಿತ್ತಂತೆ. “ಹೇಗೆ ಕಂಡ್ರಿ?”

“ತೆಳ್ಳನೆ ಕಲೇನ ನೆಟ್ಟಗೆ ನೋಡಿದ್ರೆ ಕಣ್ಣಿಗೆ ಸಿಗಲ್ಲ, ಮಿಸ್,” ಎಂದಳು ಅಮ್ಮ, ಸೆರಗು ಸರಿಮಾಡಿಕೊಳ್ಳುತ್ತ. “ಪಕ್ಕದಲ್ಲಿ ಎಲ್ಲೋ ನೋಡ್ತಾ ಇರ್ಬೇಕು. ಅದೇ ಬರುತ್ತೆ. ದಿನಾ ಮಾಡೋ ಕೆಲಸ ಅಲ್ವಾ.”

ಸ್ವಲ್ಪ ಹೊತ್ತಿನಲ್ಲೇ ಕೊಕ್ಕರೆ, “ಆಂಟಿ, ನಂಗೂ ಹೇಳಿಕೊಡಿ” ಎಂದು ಅಮ್ಮನ ಬೆನ್ನು ಹತ್ತಿದ್ದ.

ಪಿಟೀಲು ಕಣ್ಣಿಟ್ಟಾಗ ಮತ್ತೆ ಅದೇ ಕತ್ತಲೆ, ಅದೇ ನಾಲ್ಕಾರು ಚುಕ್ಕಿ. ನೋಟವನ್ನು ಪಕ್ಕದ ಒಂದು ಚುಕ್ಕಿಯ ಮೇಲೆ ಇಟ್ಟು ಕಾದಳು. ಹಿಂದೆ ಯಾರೋ ಕೆಮ್ಮಿದರು. ಅವಳು ಕದಲಲಿಲ್ಲ. ಕಣ್ಣಂಚಿನಲ್ಲಿ ಏನೋ ಮೆಲ್ಲಗೆ ಉಬ್ಬಿ ಬಂತು. ಬೂದು ಬಣ್ಣದ ಹತ್ತಿಯ ಚೂರು. ನೆಟ್ಟಗೆ ನೋಡಹೋದರೆ ಮಾಯ. ಪಕ್ಕಕ್ಕೆ ನೋಡಿದರೆ ಮತ್ತೆ ಅಲ್ಲೇ. ಒಡೆದು ಇಷ್ಟು ವರ್ಷವಾದರೂ ಅಲ್ಲೇ.

ಅವಳು ಸ್ಟೂಲಿನಿಂದ ಇಳಿದಳು. ಅಮ್ಮನ ಪಕ್ಕ ಹೋಗಿ ನಿಂತಳು, ಅಷ್ಟೆ.

ಅವಳ ನಂತರ ಮಿಸ್ಸಿನ ಪುಟ್ಟ ಮಗಳು ಸ್ಟೂಲು ಹತ್ತಿದಳು. ಒಂದನೇ ಕ್ಲಾಸಿನವಳು. ಕಣ್ಣಿಟ್ಟು, ಹಿಂದಿನ ಸಾಲನ್ನು ತಿರುಗಿ ನೋಡಿ, “ಕಾಣ್ತು, ಕಾಣ್ತು” ಎಂದು ಗಡಿಬಿಡಿಯಲ್ಲಿ ಇಳಿಯತೊಡಗಿದಳು.

ಪಿಟೀಲು ಹೋಗಿ ಅವಳ ಭುಜ ಹಿಡಿದು ಮೆಲ್ಲಗೆ ಮತ್ತೆ ಸ್ಟೂಲಿನ ಮೇಲೆ ನಿಲ್ಲಿಸಿದಳು. ಸಾಲಿಗೂ ಆ ಮಗುವಿಗೂ ನಡುವೆ, ಸಾಲಿಗೆ ಬೆನ್ನು ಕೊಟ್ಟು ನಿಂತಳು.

“ನಿಧಾನಕ್ಕೆ ನೋಡು,” ಎಂದು ಅವಳ ಕಿವಿಯಲ್ಲಿ ಹೇಳಿದಳು. “ಇಲ್ಲಿ ಯಾರಿಗೂ ಅವಸರ ಇಲ್ಲ.”